ಕಣ್ಣಳತೆ

ಕಾಜುಬಾಗದ ಕನ್ನಡಕದಂಗಡಿಯಲ್ಲಿ ರುಜಾರ್
ನನ್ನ ಮೂಗಿನ ಮೇಲೆ ಸ್ಕೇಲಿಟ್ಟು ಹೇಳಿದ:
ನನ್ನ ಎಡಗಣ್ಣು ನೋಡು, ಅಲ್ಲಾಡಬೇಡ.
ಅವನ ಬಲಗಣ್ಣು ಮುಚ್ಚಿತ್ತು.
ಈಗ ಈ ಕಣ್ಣು. ಇದು ತೆರೆಯಿತು, ಅದು ಮುಚ್ಚಿತು.
ಎರಡು ಕಣ್ಣಿನ ನಡುವಿನ ದೂರ ತಿಳಿಯಲು
ಅಳೆಯುವವನು ಒಂದೊಂದನ್ನೇ ಬಳಸಬೇಕಂತೆ.

ಎಪ್ಪತ್ತೊಂದು, ಅಂದ. ಮತ್ತೊಮ್ಮೆ ಇಟ್ಟ. ಎಪ್ಪತ್ತೊಂದೇ.
"ಇಷ್ಟು ಅಗಲ ನಾನು ಕಂಡದ್ದಿಲ್ಲ ಮಾರಾಯ,
ನಡುವೆ ಒಂದು ಪಾತಿದೋಣಿ ಹಾಯಿಸಬಹುದು."
ಬಂದದ್ದು ಬಂದೆವು, ಇವಳದ್ದೂ ನೋಡು ಅಂದೆ.
ಸುಲಕ್ಷಾ ನಗು ತಡೆದು ಕೂತಳು. ಐವತ್ತೇಳು.
ಇಪ್ಪತ್ತಮೂರು ವರ್ಷ ಒಂದೇ ಚಾಪೆ,
ಈ ಲೆಕ್ಕ ಇಬ್ಬರಿಗೂ ಗೊತ್ತಿರಲಿಲ್ಲ.

ಹದಿನಾಲ್ಕು ವರ್ಷ ಬೈತಖೋಲದಲ್ಲಿ ಬೋಟುಗಳ ಅಡಿಗಿದ್ದೆ.
ಫ್ಯಾನಿಗೆ ಬಲೆ ಸುತ್ತಿತೆಂದರೆ
ನಡುರಾತ್ರಿಯಾದರೂ ನನಗೇ ಫೋನು.
ಹಲ್ಲಲ್ಲಿ ಚೂರಿ ಕಚ್ಚಿ ಇಳಿದು
ಬೆರಳಿಂದಲೇ ನೋಡುತ್ತ ಕೊಯ್ಯುವುದು.
ಹೋದ ಮಾರ್ಚಿನಲ್ಲಿ ಬಲಕಿವಿ ಟಪ್ಪೆಂದಿತು.
ತಲೆ ಮುಳುಗುವ ನೀರು ಇನ್ನು ಬೇಡ,
ಮೀಯುವಾಗಲೂ ಹತ್ತಿ ಇಟ್ಟುಕೋ ಅಂದರು ಡಾಕ್ಟರು.

ಈ ಹುಚ್ಚು ಹಚ್ಚಿದ್ದು ಅಕ್ಕನ ಮಗ ತನುಜ್:
"ಮಾಮಾ, ಮುಖಕ್ಕೆ ಕಟ್ಟಿಕೋ, ಸೀದಾ ಸಮುದ್ರದೊಳಗೆ.
ಅಂಗಿ ಕೂಡ ಒದ್ದೆಯಾಗುವುದಿಲ್ಲ."

ಮಡಗಾಂವದ ರೈಲಿಗೆ ಮೂವರೂ ಹೋದೆವು.
ಹಳೆ ಸಾಮಾನಿನ ಅಂಗಡಿಯಲ್ಲಿ ಹೆಡ್‌ಸೆಟ್ ಮೂರಿದ್ದವು.

ಮೊದಲನೆಯದು ಬೆಳ್ಳಗೆ, ಹಗುರ, ಅಗ್ಗ.
ಅದರ ಗಾಜು ಅರವತ್ತಮೂರಕ್ಕೆ ನಿಂತದ್ದು, ಸರಿಯುವುದಿಲ್ಲ.
ಒಂದು ಮೀನು ಬಂತು, ಎರಡಾಯಿತು,
ಯಾವುದು ನಿಜವೆಂದು ಹುಡುಕುತ್ತ ಹೊಟ್ಟೆ ತೊಳಸಿತು.
ಆಷಾಢದ ತೆರೆಯಲ್ಲೂ ಬಾರದ ವಾಂತಿ
ಮಡಗಾಂವದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂತು.

ಎರಡನೆಯದಕ್ಕೆ ಮೂರು ಕಚ್ಚು. ಕೊನೆಯದು ಅರವತ್ತೆಂಟು.
ಅಷ್ಟಕ್ಕೆ ಎಳೆದರೆ ಮೀನು ಒಂದೇ,
ಆದರೆ ಬೆನ್ನಿಗೊಂದು ನೆರಳು ಅಂಟಿಕೊಂಡ ಹಾಗೆ.
"ಮೂರು ಮಿಲಿಮೀಟರು ತಾನೇ, ರೂಢಿಯಾಗುತ್ತೆ" ಅಂದ ಅಂಗಡಿಯವ.
ಮೂರು ಮಿಲಿಮೀಟರು ಎಷ್ಟೆಂದು ನನಗೆ ಗೊತ್ತು.
ಚೂರಿ ಅಷ್ಟು ಜಾರಿದರೆ ಸಾಕು,
ಬಲೆ ಉಳಿದು ಬೆರಳು ಹೋಗುತ್ತದೆ.

ಮೂರನೆಯದರ ಪಟ್ಟಿ ಸಡಿಲ, ಯಾರದೋ ಬೆವರಿನ ವಾಸನೆ,
ಮಗ್ಗುಲಲ್ಲಿ ಗೀರು, ಅಡಿಯಲ್ಲಿ ಒಂದು ಪುಟ್ಟ ಚಕ್ರ.
ತಿರುಗಿಸಿದಷ್ಟೂ ಗಾಜುಗಳು ದೂರ ದೂರ,
ಎಪ್ಪತ್ತೆರಡರ ತನಕ.
ತಿರುಗಿಸಿದೆ. ಎರಡು ಮೀನು ಮೆಲ್ಲಗೆ
ಒಂದರೊಳಗೊಂದು ಹೊಕ್ಕು
ಒಂದಾಗಿ ನನ್ನತ್ತ ತಿರುಗಿತು.
ಕೈ ಚಾಚಿದೆ. ತನುಜ್‌ನ ಮೂಗು ಸಿಕ್ಕಿತು.

ನಿಜ ಹೇಳಬೇಕೆಂದರೆ ಅದು ನನ್ನ ನೀರಲ್ಲ.
ನಮ್ಮ ಬಂದರಲ್ಲಿ ಮೊಳದಾಚೆ ಏನೂ ಕಾಣದು.
ಡೀಸೆಲಿನ ನಾತವಿಲ್ಲ, ಕಿವಿಗೆ ಒತ್ತುವ ಭಾರವಿಲ್ಲ,
ಎಲ್ಲ ತೊಳೆದಿಟ್ಟ ಲೋಟದ ಹಾಗೆ.

ಸುಲಕ್ಷಾ ತಾನೂ ನೋಡುತ್ತೇನೆ ಅಂದಳು.
ಜಡೆಗೆ ಪಟ್ಟಿ ಸಿಕ್ಕದ ಹಾಗೆ ಕಟ್ಟಿ
ಚಕ್ರವನ್ನು ಅವಳ ಅಳತೆಗೆ ತಂದೆ.
ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಏನೋ ಕೇಳಿದಳು,
ಬಲಗಡೆಯಿಂದ, ನನಗೆ ಕೇಳಲಿಲ್ಲ. ಮತ್ತೆ ಕೇಳಿದಳು:
"ಹೀಗೇ ಇರುತ್ತಿತ್ತಾ, ನೀನು ಇಳಿದಾಗ?"
ಹೂಂ, ಅಂದೆ. ಹೀಗೇ.

ಈಗ ಅದು ಮನೆಯಲ್ಲಿ ಹೊಲಿಗೆಮಿಷನ್ನಿನ ಮೇಲೆ,
ಹಳೆ ಟವಲ್ ಹೊದ್ದು.
ಐಸ್ ಫ್ಯಾಕ್ಟರಿ ಮುಗಿಸಿ ಸಂಜೆ ಬಂದು ಎತ್ತಿಕೊಂಡರೆ
ಚಕ್ರ ಐವತ್ತೇಳರಲ್ಲಿ ಇರುತ್ತದೆ, ದಿನಾ.
ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ.
ಎಡಕಿವಿಗೆ ಹಿಡಿದು ತಿರುಗಿಸುತ್ತೇನೆ,
ನನ್ನ ಕಣ್ಣಿನವರೆಗೆ ಹದಿನಾಲ್ಕು ಟಿಕ್ಕು.